ಫೋನ್ ಮೋಸ: ಮೊದಲು ಕರೆ ಕಟ್ ಮಾಡಿ

ಸಿಂಧನೂರಿನಲ್ಲಿರುವ ನಮ್ಮ ಚಿಗವ್ವನಿಗೆ ಒಂದು ಮಧ್ಯಾಹ್ನ ಗೃಹಲಕ್ಷ್ಮಿಯ ಹಣ ತಡೆದಿದೆ ಎಂದು ಕರೆ ಬಂದಿತ್ತು. ನಾನು ಒಳಗೆ ಹೋದಾಗ ಅವರು ಪಾಸ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು, ಖಾತೆಯ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ ಮುಗಿಸಿ, ಮೊಬೈಲಿಗೆ ಬಂದ ಓಟಿಪಿಯನ್ನು ಹೇಳಲು ಕನ್ನಡಕ ಹುಡುಕುತ್ತಿದ್ದರು. ನಾನು ತಡೆದಾಗ ಅವರು ಕೈಸನ್ನೆ ಮಾಡಿ, "ಸುಮ್ಮಿರಪ್ಪ, ಬ್ಯಾಂಕಿನೋರು ಮಾತಾಡಾಕತ್ತಾರ, ಫೋನ್ ಇಡಬ್ಯಾಡ ಅಂದಾರ" ಎಂದರು.

"ಫೋನ್ ಇಡಬೇಡಿ" ಎಂಬ ಆ ಮಾತಿನಲ್ಲೇ ಮೋಸದ ಜೀವ ಅಡಗಿದೆ. ಕರೆ ಮುಗಿದರೆ ನಾವು ಮನೆಯವರನ್ನು ಕೇಳುತ್ತೇವೆ, ಬ್ಯಾಂಕಿಗೆ ಹೋಗುತ್ತೇವೆ, ಯೋಚಿಸುತ್ತೇವೆ; ಅದಕ್ಕೆ ಅವಕಾಶ ಸಿಗಬಾರದೆಂದೇ ಅವರು ಅವಸರಪಡಿಸುತ್ತಾರೆ. ಆದ್ದರಿಂದ ಹಣ, ಆಧಾರ್, ಓಟಿಪಿ ಎಂಬ ಮಾತು ಬಂದ ಕೂಡಲೇ, ಎದುರಿನವರು ಎಷ್ಟೇ ಗೌರವದಿಂದ ಮಾತನಾಡುತ್ತಿದ್ದರೂ ಕರೆಯನ್ನು ಕಟ್ ಮಾಡಿ. ಅದು ಮರ್ಯಾದೆಗೇಡಲ್ಲ. ವಿಷಯ ನಿಜವೆನಿಸಿದರೆ ಶಾಖೆಗೆ ಹೋಗಿ ಕೇಳಿ, ಇಲ್ಲವೇ ಪಾಸ್‌ಬುಕ್ಕಿನಲ್ಲೋ ಎಟಿಎಂ ಕಾರ್ಡಿನ ಹಿಂಬದಿಯಲ್ಲೋ ಇರುವ ನಂಬರಿಗೆ ನೀವೇ ಕರೆ ಮಾಡಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ನಂಬರನ್ನು ಮಾತ್ರ ನಂಬಬೇಡಿ, ಏಕೆಂದರೆ ಮೋಸಗಾರರು ತಮ್ಮ ನಂಬರನ್ನು ಅಲ್ಲಿಯೂ ಹಾಕಿರುತ್ತಾರೆ.

ಹತ್ತಿ, ಭತ್ತ ಮಾರಿದ ಹಣ ಖಾತೆಯಲ್ಲಿರುವ ದಿನಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಯುಪಿಐ ಪಿನ್ ಹಣ ಕಳುಹಿಸುವುದಕ್ಕೆ, ಇಲ್ಲವೇ ಖಾತೆಯಲ್ಲಿ ಎಷ್ಟಿದೆ ಎಂದು ನೋಡುವುದಕ್ಕೆ ಬೇಕಾಗುತ್ತದೆ, ಹಣ ಪಡೆಯುವುದಕ್ಕೆ ಎಂದಿಗೂ ಬೇಕಾಗುವುದಿಲ್ಲ. "ಹಣ ಹಾಕುತ್ತೇವೆ, ಪಿನ್ ಒತ್ತಿ" ಎಂದು ಯಾರಾದರೂ ಹೇಳಿದರೆ ಅವರು ನಿಮ್ಮ ಹಣ ತೆಗೆಯುತ್ತಿದ್ದಾರೆ ಎಂದೇ ತಿಳಿಯಿರಿ.

ಇತ್ತೀಚೆಗೆ ಹೆಚ್ಚು ಹೆದರಿಸುತ್ತಿರುವುದು 'ಡಿಜಿಟಲ್ ಅರೆಸ್ಟ್'. ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೊ ಕರೆಗೆ ಬಂದು, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಬೆದರಿಸಿ, ಕೋಣೆಯ ಬಾಗಿಲು ಹಾಕಿಸಿ ಗಂಟೆಗಟ್ಟಲೆ ಕೂರಿಸುತ್ತಾರೆ. ನಮ್ಮ ಕಾನೂನಿನಲ್ಲಿ ಇಂಥ ಬಂಧನವೇ ಇಲ್ಲ. ಪ್ರಧಾನಿಯವರೂ 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿದ್ದರು. ವಿದ್ಯಾವಂತರೂ ನಿವೃತ್ತ ನೌಕರರೂ ಇದಕ್ಕೆ ಸಿಲುಕಿದ್ದಾರೆ, ಆದ್ದರಿಂದ ತಿಳಿದವರೆಂಬ ಧೈರ್ಯ ಇಲ್ಲಿ ಸಾಲದು.

ವಾಟ್ಸಾಪ್‌ನಲ್ಲಿ ಪಿಎಂ ಕಿಸಾನ್, ಗಾಡಿಯ ದಂಡ, ಮದುವೆಯ ಆಮಂತ್ರಣ ಎಂಬ ಹೆಸರಿನಲ್ಲಿ ಬರುವ ಎಪಿಕೆ ಫೈಲನ್ನು (ಮೊಬೈಲಿನಲ್ಲಿ ಆ್ಯಪ್ ಕೂರಿಸುವ ಫೈಲು, ಹೆಸರಿನ ಕೊನೆಯಲ್ಲಿ .apk ಎಂದಿರುತ್ತದೆ), ಪರಿಚಿತರ ನಂಬರಿನಿಂದ ಬಂದಿದ್ದರೂ, ಒತ್ತಬೇಡಿ. ಅದನ್ನು ಇನ್‌ಸ್ಟಾಲ್ ಮಾಡಿ ಕೇಳಿದ ಅನುಮತಿಯನ್ನೆಲ್ಲ ಕೊಟ್ಟರೆ ನಿಮ್ಮ ಮೆಸೇಜುಗಳನ್ನು ಅವರೇ ಓದಬಲ್ಲರು, ಆಗ ನೀವು ಬಾಯಿಬಿಟ್ಟು ಓಟಿಪಿ ಹೇಳಬೇಕಾದ ಅಗತ್ಯವೂ ಇರುವುದಿಲ್ಲ.

ಹಣ ಹೋಗಿಯೇಬಿಟ್ಟರೆ ಅಳುತ್ತಾ ಕೂರದೆ ಆ ಕ್ಷಣವೇ ಸೈಬರ್ ವಂಚನೆಯ ದೂರಿಗಾಗಿ ಇರುವ ಸರ್ಕಾರದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ದಾಟುತ್ತಿರುತ್ತದೆ. ದಾರಿಯಲ್ಲಿದ್ದಾಗಲೇ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಇದೆ, ಮರುದಿನಕ್ಕೆ ಅದು ಬಹಳ ಕಡಿಮೆ. ಹಣ ಹೋದ ಸಮಯ, ಮೊತ್ತ, ವಹಿವಾಟಿನ ಸಂಖ್ಯೆ, ಕರೆ ಬಂದ ನಂಬರು ಇವನ್ನು ಬರೆದಿಟ್ಟುಕೊಳ್ಳಿ, ಮೆಸೇಜುಗಳನ್ನು ಅಳಿಸಬೇಡಿ. ಬ್ಯಾಂಕಿಗೂ ಕೂಡಲೇ ತಿಳಿಸಿ. ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ, ಗ್ರಾಹಕರೇ ಓಟಿಪಿ ಹೇಳಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕು. ಆಮೇಲೆ ಜಿಲ್ಲೆಯ ಸೈಬರ್ ಅಪರಾಧ ಪೊಲೀಸ್ ಠಾಣೆಗೆ ಹೋಗಿ. ಹಣ ಹೋಗದೆ ಬರೀ ಕರೆ ಬಂದಿದ್ದರೂ ಕೇಂದ್ರ ದೂರಸಂಪರ್ಕ ಇಲಾಖೆಯ ಜಾಲತಾಣವಾದ ಸಂಚಾರ್ ಸಾಥಿಯ 'ಚಕ್ಷು' ವಿಭಾಗದಲ್ಲಿ ಆ ನಂಬರಿನ ಬಗ್ಗೆ ದೂರು ಕೊಡಬಹುದು.

ಮನೆಯ ಹಿರಿಯರು ಮೋಸ ಹೋದರೆ ದಯವಿಟ್ಟು ಬೈಯಬೇಡಿ. ಬೈಗುಳಕ್ಕೆ ಹೆದರಿ ಅವರು ಸಂಜೆಯವರೆಗೆ ಬಾಯಿ ಬಿಡದಿದ್ದರೆ ದೂರು ಕೊಡಬೇಕಾದ ಹೊತ್ತೇ ಕಳೆದುಹೋಗುತ್ತದೆ. ನಾವು ಚಿಗವ್ವನ ಪಾಸ್‌ಬುಕ್ಕಿನ ಒಳಬದಿಗೆ 1930 ಎಂದೂ ಅದರ ಕೆಳಗೆ ಮಗನ ನಂಬರನ್ನೂ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇವೆ.

ಹಣ ಕಳೆದುಕೊಂಡವರಿಗೆ ಕೆಲವು ದಿನಗಳ ನಂತರ "ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ" ಎಂಬ ಇನ್ನೊಂದು ಕರೆ ಬರುವುದುಂಟು. ಅದೂ ಮೋಸವೇ. 1930ಕ್ಕೆ ದೂರು ಕೊಡಲು ಯಾವ ಶುಲ್ಕವೂ ಇಲ್ಲ.