ಸಿ ಡ್ರೈವ್‌ಗೆ ಪಕ್ಕದ ಜಾಗ ಸೇರಿಸಿದ್ದು

ಲಗ್ನಪತ್ರಿಕೆ ಸೀಸನ್ನಿನಲ್ಲೇ ಇಂಥದ್ದೆಲ್ಲ ಆಗುವುದು. 2024ರ ಫೆಬ್ರುವರಿಯ ಒಂದು ಸಂಜೆ ಫೋಟೋಶಾಪ್‌ನಲ್ಲಿ ಫೈಲ್ ಸೇವ್ ಮಾಡಲು ಹೋದರೆ ಸ್ಕ್ರ್ಯಾಚ್ ಡಿಸ್ಕ್ ತುಂಬಿದೆ ಅಂತ ಬಂತು, ಅಂದರೆ ಕೆಲಸದ ನಡುವೆ ಅದು ತಾತ್ಕಾಲಿಕವಾಗಿ ಬಳಸುವ ಜಾಗ ಮುಗಿದಿದೆ. ನೋಡಿದರೆ ಸಿ ಡ್ರೈವ್ ಪೂರ್ತಿ ಕೆಂಪು, ಉಳಿದದ್ದು 1 ಜಿಬಿಯೂ ಇಲ್ಲ. ಅದೇ ಡಿಸ್ಕಿನಲ್ಲಿ ಇ ಡ್ರೈವ್ 184 ಜಿಬಿ, ಹೆಚ್ಚುಕಮ್ಮಿ ಖಾಲಿ! ಒಂದೇ ಮನೆಯಲ್ಲಿ ಒಬ್ಬರಿಗೆ ಕಾಲು ಚಾಚಲು ಜಾಗವಿಲ್ಲ, ಇನ್ನೊಬ್ಬರ ಕೋಣೆಗೆ ಬೀಗ.

ಲ್ಯಾಪ್‌ಟಾಪ್‌ನಲ್ಲಿ ಇರುವುದು 512 ಜಿಬಿಯ ಎಸ್‌ಎಸ್‌ಡಿ. ವಿಂಡೋಸ್ ಅದನ್ನು 476 ಅಂತ ತೋರಿಸುತ್ತದೆ. ಅದು ಮೋಸ ಅಲ್ಲ, ಕಂಪನಿಯವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ. ವಿಂಡೋಸ್ ಹಾಕಿಕೊಟ್ಟವರು ಸಿಗೆ 100000 ಎಂಬಿ, ಡಿಗೆ 200000 ಎಂಬಿ ಅಂತ ಟೈಪ್ ಮಾಡಿ ಉಳಿದದ್ದನ್ನು ಇಗೆ ಬಿಟ್ಟಿದ್ದರು. ಹೇಗೆ ಗೊತ್ತಾಯಿತು ಅಂದರೆ ಡಿ ಗಾತ್ರ 195.31 ಅಂತ ಇತ್ತು, 200000ವನ್ನು 1024ರಿಂದ ಭಾಗಿಸಿ ನೋಡಿ. ಸಿ ಮಾತ್ರ 97 ಜಿಬಿ ಚಿಲ್ಲರೆ. ಆ ಕಾಲಕ್ಕೆ ಸಾಕಾಗಿತ್ತೇನೋ.

ಅಕ್ಕನ ಮಗನಿಗೆ ಫೋನ್ ಮಾಡಿದೆ. "ಮಾವ, ತಲೆ ಕೆಡಿಸ್ಕೋಬೇಡಿ, ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕಿಬಿಡಿ" ಅಂದ. ಅವನಿಗೇನು, ಬ್ರೌಸರ್ ಒಂದಿದ್ದರೆ ಆಯಿತು. ನನ್ನ ಪೇಜ್‌ಮೇಕರ್, ನುಡಿ, ಇಪ್ಪತ್ತು ವರ್ಷದಿಂದ ಕೂಡಿಟ್ಟ ಫಾಂಟ್‌ಗಳು, ಎಲ್ಲೋ ಹುಡುಕಿ ತಂದ ಪ್ರಿಂಟರ್ ಡ್ರೈವರ್, ಇವನ್ನೆಲ್ಲ ಮತ್ತೆ ಕೂರಿಸಲು ಒಂದು ವಾರ ಬೇಕು.

ಮೊದಲು ಮಾಡಿದ್ದು ತಪ್ಪು, ಅದನ್ನೂ ಹೇಳಿಬಿಡುತ್ತೇನೆ. ಡಿಸ್ಕ್ ಮ್ಯಾನೇಜ್‌ಮೆಂಟ್ ಅನ್ನುವ ವಿಂಡೋಸ್‌ನದೇ ಸಾಧನ ತೆರೆದು ಡಿ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್, ಅಂದರೆ ಕುಗ್ಗಿಸು, ಒತ್ತಿದೆ. 40 ಜಿಬಿ ಬಿಡಿಸಿಕೊಂಡೆ, ಕಪ್ಪು ಪಟ್ಟಿಯಾಗಿ ಕಾಣಿಸಿತು. ಖುಷಿಯಿಂದ ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ ಎಕ್ಸ್‌ಟೆಂಡ್ ವಾಲ್ಯೂಮ್, ಅಂದರೆ ಹಿಗ್ಗಿಸುವ ಆಯ್ಕೆ, ಮಂಕಾಗಿ ಕೂತಿದೆ, ಒತ್ತಲು ಬರುವುದಿಲ್ಲ. ಯಾಕೆ ಅಂದರೆ ಶ್ರಿಂಕ್ ಮಾಡಿದರೆ ಜಾಗ ಬಿಡುವುದು ಆ ಪಾರ್ಟಿಷನ್ನಿನ, ಅಂದರೆ ಡಿಸ್ಕಿನ ಆ ಪಾಲಿನ, ಬಲತುದಿಯಲ್ಲಿ. ನನ್ನ 40 ಜಿಬಿ ಡಿ ಮತ್ತು ಇ ನಡುವೆ ಬಿದ್ದಿತ್ತು. ಸಿಗೆ ಬೇಕಾದದ್ದು ತನ್ನ ಬಲಕ್ಕೆ ಅಂಟಿಕೊಂಡ ಜಾಗ.

ನಮ್ಮ ಕಡೆ ಪಾರ್ಟಿಷನ್ ಅಂದರೆ ಮೊದಲು ನೆನಪಾಗುವುದು ಅಣ್ಣತಮ್ಮಂದಿರ ಪಾಲು. ಲೆಕ್ಕ ಇಲ್ಲೂ ಅದೇ. ಬದುವಿನ ಆಚೆಗೇ ಇರುವ ಗದ್ದೆಯಾದರೆ ಬದು ಕಡಿದು ಸೇರಿಸಿಕೊಳ್ಳಬಹುದು, ಎರಡು ಗದ್ದೆ ದಾಟಿದ ಜಾಗ ನಿಮ್ಮದೇ ಆದರೂ ಒಂದು ಗದ್ದೆ ಆಗುವುದಿಲ್ಲ. ಸರಿ, ಆ 40 ಜಿಬಿಯನ್ನು ವಾಪಸ್ ಡಿಗೇ ಸೇರಿಸಿದೆ.

ಆಮೇಲೆ ಸರಿಯಾಗಿ ನೋಡಿದಾಗ ಸಿ ಮತ್ತು ಡಿ ನಡುವೆಯೂ ಒಂದು ಸಣ್ಣ ಗೋಡೆ ಕಂಡಿತು. 530 ಎಂಬಿಯ ರಿಕವರಿ ಪಾರ್ಟಿಷನ್. ವಿಂಡೋಸ್ ಏಳದೆ ಹೋದಾಗ ರಿಪೇರಿ ಪರದೆ ಬರುತ್ತದಲ್ಲ, ಅದು ಇರುವ ಜಾಗ. ಆ ಜನವರಿಯಲ್ಲಿ ಬಂದ ವಿಂಡೋಸ್ 10 ಅಪ್‌ಡೇಟ್ ಕೆಬಿ5034441 ಕೂಡ ಇದರೊಳಗೆ ಜಾಗ ಸಾಲದೆ ನನ್ನಲ್ಲಿ ಪದೇ ಪದೇ ಫೇಲ್ ಆಗುತ್ತಿತ್ತು, 80070643 ಅಂತ ಮುಗಿಯುವ ಎರರ್ ಕೊಟ್ಟು. ರಿಕವರಿಯಲ್ಲಿ 250 ಎಂಬಿ ಖಾಲಿ ಇರಬೇಕು ಅನ್ನುವುದು ಅದರ ಷರತ್ತು. ಹಾಗಾಗಿ ಈ ಗೋಡೆಯನ್ನೂ ಒಡೆದು ದೊಡ್ಡದಾಗಿ ಬೇರೆ ಕಡೆ ಕಟ್ಟುವುದು ಅಂತ ತೀರ್ಮಾನಿಸಿದೆ.

ಜಿಪಾರ್ಟೆಡ್ ಅನ್ನುವ ಪಾರ್ಟಿಷನ್ ತಿದ್ದುವ ತಂತ್ರಾಂಶದಲ್ಲಿ ಪಾರ್ಟಿಷನ್ನನ್ನು ಹಾಗೇ ಬಲಕ್ಕೆ ಸರಿಸಬಹುದು, ಗೊತ್ತು. ಹಿಂದೆ ಹಳೇ ಡೆಸ್ಕ್‌ಟಾಪ್‌ನಲ್ಲಿ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಬಲತುದಿಯನ್ನು ಹಿಗ್ಗಿಸುವುದು ಪಹಣಿಯಲ್ಲಿ ಗುಂಟೆ ತಿದ್ದಿದ ಹಾಗೆ, ದಾಖಲೆ ಬದಲಾಗುತ್ತದೆ, ಮಣ್ಣು ಅಲ್ಲೇ ಇರುತ್ತದೆ. ಎಡತುದಿಯನ್ನು ಸರಿಸುವುದು ಅಂದರೆ ಪೈರು ಸಮೇತ ಗದ್ದೆಯ ಮಣ್ಣನ್ನೆಲ್ಲ ಹೊತ್ತು ಆಚೆ ಹಾಕಿದ ಹಾಗೆ. ಒಳಗಿನ ಡೇಟಾ ಪೂರ್ತಿ ಎತ್ತಿ ಬರೆಯಬೇಕು, ಹಾರ್ಡ್ ಡಿಸ್ಕ್ ಆದರೆ ಗಂಟೆಗಟ್ಟಲೆ. ಅವತ್ತು ಮುಕ್ಕಾಲು ಭಾಗ ಆಗಿತ್ತು, ಕರೆಂಟು ಹೋಯಿತು, ಯುಪಿಎಸ್ ಇರಲಿಲ್ಲ. ಆ ಪಾರ್ಟಿಷನ್ ಆಮೇಲೆ ತೆರೆಯಲೇ ಇಲ್ಲ.

ಆದ್ದರಿಂದ ಈ ಸಲ ಏನನ್ನೂ ಸರಿಸದ ದಾರಿ ಹುಡುಕಿದೆ. ಡಿಯಲ್ಲಿದ್ದದ್ದು ಸುಮಾರು 120 ಜಿಬಿ, ಇಯಲ್ಲಿ ಅದಕ್ಕಿಂತ ಜಾಸ್ತಿ ಜಾಗ ಇದೆ. ಡಿಯನ್ನು ಇಗೆ ಕಾಪಿ ಮಾಡುವುದು, ಡಿಯನ್ನೇ ಅಳಿಸುವುದು, ಆ ಜಾಗ ಸಿಗೆ ಕೊಡುವುದು. ಅಷ್ಟಕ್ಕೂ ಮೂರು ಡ್ರೈವ್ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಅಂಗಡಿಯಲ್ಲಿ ಮಾಡಿಕೊಡುತ್ತಾರೆ, ನಾವು ತರುತ್ತೇವೆ.

ಕೈ ಹಾಕುವ ಮೊದಲು ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ಅಲ್ಲಿಂದಲೇ ಒಂದಿಪ್ಪತ್ತು ಫೈಲ್ ತೆರೆದು ನೋಡಿದೆ. ತೆರೆದು ನೋಡದ ಬ್ಯಾಕಪ್‌ಗೆ ನಾನು ಬ್ಯಾಕಪ್ ಅನ್ನುವುದಿಲ್ಲ. ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಇದೆಯಾ ಅಂತಲೂ ನೋಡಿದೆ, ನನ್ನದರಲ್ಲಿ ಇರಲಿಲ್ಲ. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರುವುದುಂಟು. ಹಾಗಿದ್ದರೆ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದುಕೊಳ್ಳದೆ ಮುಟ್ಟಲೇಬೇಡಿ.

ಡಿಯಿಂದ ಇಗೆ ಕಾಪಿ ಮಾಡಲು ರೋಬೋಕಾಪಿ ಅನ್ನುವ ವಿಂಡೋಸ್ ಕಮಾಂಡ್ ಬಳಸಿದೆ. ಅದಕ್ಕೊಂದು ಹುಚ್ಚು ಹಟ, ಒಂದು ಫೈಲ್ ಕಾಪಿ ಆಗದಿದ್ದರೆ 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ! /ಆರ್:1 /ಡಬ್ಲ್ಯೂ:1 ಅಂತ ಸೇರಿಸಿದರೆ ಸುಮ್ಮನಾಗುತ್ತದೆ. ಮುಕ್ಕಾಲು ಗಂಟೆ ಆದಮೇಲೆ ಇ ತೆರೆದರೆ ನಾನು ಕೊಟ್ಟ ಫೋಲ್ಡರೇ ಇಲ್ಲ. ಎದೆ ಧಸಕ್ ಅಂತು. ಆದರೆ ಇಯ ಖಾಲಿ ಜಾಗ ಮಾತ್ರ 120 ಜಿಬಿ ಕಮ್ಮಿಯಾಗಿದೆ, ಅಂದರೆ ಎಲ್ಲೋ ಇದೆ. ಆಗಿದ್ದು ಇಷ್ಟೇ, ಡ್ರೈವ್‌ನ ಬುಡದಿಂದ ಕಾಪಿ ಮಾಡಿದರೆ ಅದರ ಹಿಡನ್, ಸಿಸ್ಟಮ್ ಗುಣಗಳೂ ಹೊಸ ಫೋಲ್ಡರಿಗೆ ಅಂಟಿಕೊಂಡು ಬರುತ್ತವೆ. ಆಟ್ರಿಬ್ ಕಮಾಂಡಿನಲ್ಲಿ ಮೈನಸ್ ಎಚ್, ಮೈನಸ್ ಎಸ್ ಕೊಟ್ಟಮೇಲೆ ಫೋಲ್ಡರ್ ಕಾಣಿಸಿತು, ನಾನೊಂದು ಲೋಟ ನೀರು ಕುಡಿದೆ.

ಇನ್ನು ಗೋಡೆ. ಮೊದಲು ಪವರ್‌ಸಿಎಫ್‌ಜಿ /ಎಚ್ ಆಫ್ ಕೊಟ್ಟು ಹೈಬರ್ನೇಷನ್ ನಿಲ್ಲಿಸಿದೆ. ಮಲಗುವ ಮುಂಚೆ ರ‍್ಯಾಮ್‌ನಲ್ಲಿದ್ದದ್ದನ್ನು ಡಿಸ್ಕಿನ ಒಂದು ಫೈಲಿಗೆ ಬರೆದಿಡುವ ವ್ಯವಸ್ಥೆ ಅದು. ಆ ಫೈಲ್ ಸಾಮಾನ್ಯವಾಗಿ ರ‍್ಯಾಮ್‌ನ ಶೇ. 40ರಷ್ಟಿರುತ್ತದೆ, ನನ್ನ 8 ಜಿಬಿಗೆ 3.2 ಜಿಬಿ ಉಳಿಯಿತು. ಈ ಉಸಿರಾಡುವ ಜಾಗ ಬೇಕೇಬೇಕಿತ್ತು, ಯಾಕೆಂದರೆ ಮುಂದಿನ ಕಮಾಂಡ್ ರೀಏಜೆಂಟ್‌ಸಿ /ಡಿಸೇಬಲ್ ರಿಕವರಿಯ ದೊಡ್ಡ ಫೈಲನ್ನು ತಂದು ಸಿಯಲ್ಲೇ ಇಡುತ್ತದೆ. ಸಿಸ್ಟಮ್32 ಒಳಗಿನ ರಿಕವರಿ ಫೋಲ್ಡರಿನಲ್ಲಿ ವಿನ್‌ಆರ್‌ಇ ಡಾಟ್ ವಿಮ್ ಅನ್ನುವ ಫೈಲ್ ಬಂದು ಕೂತಿದೆಯಾ ಅಂತ ನೋಡಿಯೇ ಮುಂದೆ ಹೋಗಿ. ಹಿಡನ್ ಆಗಿರುತ್ತದೆ.

ಆಮೇಲೆ ಡಿಸ್ಕ್‌ಪಾರ್ಟ್, ಪಾರ್ಟಿಷನ್ ಅಳಿಸಿ ಕಟ್ಟುವ ಕಮಾಂಡ್. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ. ಇದು ಎರಡನೇ ಸಲ ಕೇಳುವ ಜಾತಿ ಅಲ್ಲ, ಅಳಿಸು ಅಂದರೆ ಅಳಿಸಿತು. ಅದಕ್ಕೇ ಹೊರಗಿನ ಹಾರ್ಡ್ ಡಿಸ್ಕನ್ನು ಕಿತ್ತು ಬೀರುವಿನಲ್ಲಿಟ್ಟು ಬಂದು ಕೂತೆ, ತಪ್ಪಿ ಅದನ್ನು ಆರಿಸಲು ದಾರಿಯೇ ಇರಬಾರದು. ಲಿಸ್ಟ್ ಪಾರ್ಟಿಷನ್ ಕೊಟ್ಟು ಗಾತ್ರ ನೋಡಿ ನಂಬರ್ ಪೇಪರಿನಲ್ಲಿ ಬರೆದುಕೊಂಡೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕಾಣದ 16 ಎಂಬಿಯ ಒಂದು ಪಾರ್ಟಿಷನ್ ಇಲ್ಲಿ ಕಾಣುತ್ತದೆ, ಅದರಿಂದ ಎಣಿಕೆ ತಪ್ಪುತ್ತದೆ. ಅದನ್ನೂ, ವಿಂಡೋಸ್ ಶುರುವಾಗಲು ಬೇಕಾದ ಇಎಫ್‌ಐ ಪಾರ್ಟಿಷನ್ನನ್ನೂ ಮುಟ್ಟಬಾರದು. ರಿಕವರಿಯನ್ನು ಡಿಲೀಟ್ ಪಾರ್ಟಿಷನ್ ಓವರ್‌ರೈಡ್ ಅಂತ, ಡಿಯನ್ನು ಮಾಮೂಲಿ ಡಿಲೀಟ್ ಅಂತ ತೆಗೆದೆ. ಡಿ ಮೇಲೆ ಎಂಟರ್ ಒತ್ತುವ ಮುಂಚೆ ಐದು ನಿಮಿಷ ಸುಮ್ನೆ ಕೂತಿದ್ದೆ.

ಈಗ ಸಿ ಪಕ್ಕದಲ್ಲೇ 200530 ಎಂಬಿ. ಸಿಯನ್ನು ಆರಿಸಿ 199500 ಎಂಬಿ ಎಕ್ಸ್‌ಟೆಂಡ್ ಮಾಡಿದೆ, ಒಂದು ಜಿಬಿ ಚಿಲ್ಲರೆ ಹೊಸ ರಿಕವರಿಗೆ ಬಿಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಇಡೀ ದಿನದ ತಯಾರಿ, ಅಸಲು ಕೆಲಸ ಎರಡು ಸೆಕೆಂಡ್! ಉಳಿದ ಜಾಗದಲ್ಲಿ ಪಾರ್ಟಿಷನ್ ಮಾಡಿ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡಿ, ಇದು ರಿಕವರಿ ಅಂತ ವಿಂಡೋಸ್‌ಗೆ ಗುರುತು ಹೇಳುವ ಉದ್ದದ ಐಡಿ ಮತ್ತು ಜಿಪಿಟಿ (ಪಾರ್ಟಿಷನ್ ಪಟ್ಟಿ ಬರೆದಿಡುವ ಈಗಿನ ಪದ್ಧತಿ) ಆಟ್ರಿಬ್ಯೂಟ್ ಎರಡನ್ನೂ ಮೈಕ್ರೋಸಾಫ್ಟ್‌ನ ಸೂಚನೆಯಿಂದ ಕಾಪಿ ಮಾಡಿ ಹಾಕಿದೆ. ಕೈಯಲ್ಲಿ ಟೈಪ್ ಮಾಡಬೇಡಿ. ಹಳೇ ಪದ್ಧತಿಯ ಎಂಬಿಆರ್ ಡಿಸ್ಕ್ ಆದರೆ ಐಡಿ ಬರೀ 27. ಕೊನೆಗೆ ರೀಏಜೆಂಟ್‌ಸಿ /ಎನೇಬಲ್ ಕೊಟ್ಟು ರಿಕವರಿಯನ್ನು ಮತ್ತೆ ಚಾಲೂ ಮಾಡಿದೆ.

ಇನ್ನೊಂದು ಬಾಕಿ ಇತ್ತು. ನನ್ನ ಡಾಕ್ಯುಮೆಂಟ್ಸ್ ಫೋಲ್ಡರ್, ಪೇಜ್‌ಮೇಕರ್ ಫೈಲುಗಳ ಚಿತ್ರದ ಲಿಂಕುಗಳು ಎಲ್ಲ ಡಿ ಅಂತಲೇ ಹುಡುಕುತ್ತವೆ. ಹಾಗಾಗಿ ಇ ಡ್ರೈವ್‌ನ ಅಕ್ಷರವನ್ನೇ ಡಿ ಅಂತ ಬದಲಿಸಿದೆ, ಮೊದಲು ಕಾಪಿ ಮಾಡಿಟ್ಟ ಫೋಲ್ಡರಿನ ಒಳಗಿದ್ದದ್ದನ್ನೆಲ್ಲ ಕಟ್ ಮಾಡಿ ಡ್ರೈವ್‌ನ ಬುಡಕ್ಕೆ ಪೇಸ್ಟ್ ಮಾಡಿದೆ. 120 ಜಿಬಿ ಆದರೂ ಕ್ಷಣದಲ್ಲಿ ಆಯಿತು, ಅದೇ ಪಾರ್ಟಿಷನ್ ಒಳಗಾದ್ದರಿಂದ ಇದೂ ಬರೀ ಪಹಣಿ ತಿದ್ದುಪಡಿ. ಲಿಂಕುಗಳು ಒಂದೂ ಮುರಿಯಲಿಲ್ಲ.

ಸಿ ಈಗ ಸುಮಾರು 292 ಜಿಬಿ, ಪಟ್ಟಿ ನೀಲಿ. ಅಪ್‌ಡೇಟ್ ಮರುದಿನ ತಕರಾರಿಲ್ಲದೆ ಕೂತಿತು. ಬೀರುವಿನ ಬ್ಯಾಕಪ್ಪನ್ನು ಒಂದು ತಿಂಗಳು ಮುಟ್ಟಲಿಲ್ಲ. ಫೋಟೋಶಾಪ್‌ನ ಸ್ಕ್ರ್ಯಾಚ್ ಡಿಸ್ಕ್ ಪಟ್ಟಿಯಲ್ಲಿ ಸಿ ಜೊತೆ ಡಿಗೂ ಟಿಕ್ ಹಾಕಿದೆ, ಅರ್ಧಕ್ಕೆ ನಿಂತಿದ್ದ ಲಗ್ನಪತ್ರಿಕೆ ಮುಗಿಸಿ ಪ್ರೆಸ್ಸಿಗೆ ಕಳಿಸಿದಾಗ ರಾತ್ರಿ ಹನ್ನೊಂದೂವರೆ.