ಬೈಯದೆ ತಿದ್ದುವುದು: ಹಾಳೆ ತಟ್ಟೆ ಯೂನಿಟ್ಟಿನಲ್ಲಿ ಕಲಿತದ್ದು

ಕಾಸರಗೋಡಿನ ಬದಿಯಡ್ಕದ ಹತ್ತಿರ, ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಒಂದು ಸಣ್ಣ ಯೂನಿಟ್ಟನ್ನು ನಾನು ನೋಡಿಕೊಳ್ಳುತ್ತೇನೆ. ಕೆಲಸಕ್ಕೆ 11 ಜನ. ಎಲ್ಲರೂ ನನ್ನನ್ನು ಅಕ್ಕ ಅಂತಲೇ ಕರೆಯುವುದು, ನನಗಿಂತ ದೊಡ್ಡವರೂ ಕೂಡ.

ಎರಡು ವರ್ಷದ ಹಿಂದೆ, ಜೋರು ಮಳೆಗಾಲದಲ್ಲಿ, ಒಂದು ಆರ್ಡರ್ ವಾಪಸ್ ಬಂತು. ಕಟ್ಟು ಬಿಚ್ಚಿದರೆ ತಟ್ಟೆಗಳ ಮೈಮೇಲೆಲ್ಲ ಬೂಷ್ಟು. ಹಾಳೆಯನ್ನು ನೀರಲ್ಲಿ ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತುತ್ತೇವೆ. ಅಚ್ಚಿನಿಂದ ತೆಗೆದ ಮೇಲೂ ಸ್ವಲ್ಪ ಪಸೆ ಉಳಿದಿರುತ್ತದೆ. ಅದು ಪೂರ್ತಿ ಆರುವ ಮೊದಲು ಕಟ್ಟಿದರೆ ಹೀಗೇ ಆಗುವುದು. ಕಟ್ಟಿದವನು 22 ವರ್ಷದ ಹುಡುಗ. ಎಲ್ಲರ ಮುಂದೆಯೇ "ನಿಂಗೆ ಜವಾಬ್ದಾರಿ ಅಂತ ಒಂದಿದ್ಯಾ?" ಅಂತ ಕೇಳಿಬಿಟ್ಟೆ. ಅವನು ತಲೆ ತಗ್ಗಿಸಿ ನಿಂತ. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ.

ಮೂರನೇ ದಿನ ಬಂದ. ಅಷ್ಟರಲ್ಲಿ ನಾನೂ ಸ್ವಲ್ಪ ಯೋಚಿಸಿದ್ದೆ.

ಮೊದಲ ಕೆಲಸ, ಮಾತಾಡುವ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕಣ್ಣಿಗೆ ಕಂಡದ್ದು ಮಾತ್ರ. "ಉದಾಸೀನ", "ಸೋಮಾರಿ", "ಅಹಂಕಾರ" ಇವು ಯಾವುದೂ ಕಣ್ಣಿಗೆ ಕಾಣುವುದಿಲ್ಲ, ಹೊಡೆದುಹಾಕಿ. "ಮಂಗಳವಾರ ಸಂಜೆ ನಾಲ್ಕೂವರೆಗೆ, ಮುಟ್ಟಿದರೆ ಇನ್ನೂ ಪಸೆ ತಾಗುತ್ತಿದ್ದ ತಟ್ಟೆಗಳನ್ನು ಕಟ್ಟಿದ. ಕಟ್ಟು ಬೂಷ್ಟು ಹಿಡಿದು ವಾಪಸ್ ಬಂತು." ಇಷ್ಟು ಸಾಕು. ತರಬೇತಿ ಕೊಡುವವರು ಇದನ್ನೇ ಸಂದರ್ಭ, ವರ್ತನೆ, ಪರಿಣಾಮ ಅಂತ ಮೂರು ಭಾಗ ಮಾಡಿ ಕಲಿಸುತ್ತಾರೆ. ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ರೂಪಿಸಿದ ಕ್ರಮವಂತೆ. ನನ್ನ ಚೀಟಿಗೆ ಇಂಥ ದೊಡ್ಡ ಮನೆತನ ಇದೆ ಅಂತ ಗೊತ್ತಾದದ್ದು ಆಮೇಲೆ.

ಜಾಗ ನೋಡಿಕೊಳ್ಳಿ. ನಮ್ಮಲ್ಲಿ ಆಫೀಸು ರೂಮು ಇಲ್ಲ. ಚಹಾ ಹೊತ್ತಿಗೆ ಹಾಳೆ ರಾಶಿಯ ಹಿಂದೆ ಇಬ್ಬರೂ ಕೂರುತ್ತೇವೆ, ಎದುರುಬದುರು ಅಲ್ಲ, ಪಕ್ಕಪಕ್ಕ. ಸಂಬಳ ಕೊಡುವ ದಿನ ಮಾತ್ರ ಬೇಡವೇ ಬೇಡ. ನೀವು ಏನು ಹೇಳಿದರೂ ಅವರಿಗೆ ದುಡ್ಡು ಹಿಡಿಯುತ್ತಾರೆ ಅಂತಲೇ ಕೇಳಿಸುವುದು.

ಇನ್ನು ಭಾಷೆ. ನಮ್ಮ ಕಾಸರಗೋಡಿನ ಕಡೆ ಇದು ಸಣ್ಣ ವಿಷಯ ಅಲ್ಲ. ನಮ್ಮ ಶೆಡ್ಡಿನೊಳಗೇ ತುಳು, ಮಲಯಾಳ, ಕನ್ನಡ, ಮರಾಠಿ ನಾಲ್ಕೂ ಓಡಾಡುತ್ತವೆ. ಆ ಹುಡುಗನ ಮನೆಮಾತು ತುಳು. ನಾನು ತಮಾಷೆಗೆ ತುಳು, ಬೈಯಲು ಕನ್ನಡ ಬಳಸುತ್ತಿದ್ದೆ ಅಂತ ನನಗೇ ಗೊತ್ತಿರಲಿಲ್ಲ. ನಾನು ಕನ್ನಡಕ್ಕೆ ತಿರುಗಿದ ಕೂಡಲೇ ಅವನು ಬಾಗಿಲು ಹಾಕಿಕೊಂಡ ಹಾಗೆ. ಈ ಸಲ "ದಾದ ಆಂಡ್?" ಅಂದೆ, ಏನಾಯ್ತು ಅಂತ. ಚೀಟಿಯಲ್ಲಿದ್ದದ್ದನ್ನೂ ತುಳುವಿನಲ್ಲೇ ಹೇಳಿದೆ.

ಆಮೇಲೆ ಸುಮ್ನಿರಬೇಕು. ಇದೇ ಕಷ್ಟ. ಎಲ್ಲದಕ್ಕಿಂತ ಜಾಸ್ತಿ ಕಷ್ಟ. ಉತ್ತರ ನಮ್ಮ ಬಾಯಲ್ಲೇ ಕುಣಿಯುತ್ತಿರುತ್ತದೆ. ನಾನು ಗ್ಲಾಸಿನ ಚಹಾ ಮುಗಿಯುವವರೆಗೆ ಬಾಯಿ ಬಿಡಬಾರದು ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ. ಅರ್ಧ ಗ್ಲಾಸಾಗುವಾಗ ಅವನು ಹೇಳಿದ: "ಅಕ್ಕಾ, ಐದು ಗಂಟೆಯ ಬಸ್ಸು ತಪ್ಪಿದರೆ ಮತ್ತೆ ಆರೂಕಾಲಕ್ಕೇ. ಕಟ್ಟುವ ಕೆಲಸ ಎಲ್ಲ ಕೊನೆಗೆ ನನ್ನ ತಲೆಗೇ ಬರುತ್ತದೆ." ಹೌದಲ್ವಾ! ಮಧ್ಯಾಹ್ನ ಮೂರರ ನಂತರ ಒತ್ತಿದ ತಟ್ಟೆಯನ್ನೂ ಅದೇ ದಿನ ಕಟ್ಟಿಸುತ್ತಿದ್ದವಳು ನಾನೇ.

ದಾರಿಯನ್ನೂ ಅವರ ಬಾಯಿಂದಲೇ ಬರಿಸಿ, ಮತ್ತು ಒಂದೇ ಒಂದು ಬದಲಾವಣೆ ಹಿಡಿದುಕೊಳ್ಳಿ. ಮೂರರ ನಂತರದ ತಟ್ಟೆ ರಾತ್ರಿ ರ‍್ಯಾಕಿನಲ್ಲಿ ಹರಡಿರಲಿ, ಬೆಳಿಗ್ಗೆ ಮುಟ್ಟಿ ನೋಡಿ ಕಟ್ಟುತ್ತೇನೆ ಅಂದ. ಅವನು ಫೋನಿನಲ್ಲಿ ಜಾಸ್ತಿ ಇರುವುದೂ ನನ್ನ ಮನಸ್ಸಿನಲ್ಲಿತ್ತು. ಆ ದಿನ ಆ ಮಾತು ಎತ್ತಲಿಲ್ಲ.

ಒಂದು ವಾರ ಬಿಟ್ಟು ಮತ್ತೆ ಕೂತೆವು, ಐದೇ ನಿಮಿಷ. ಹೊಗಳುವಾಗಲೂ "ಭಾರೀ ಒಳ್ಳೆ ಹುಡುಗ" ಅಂದರೆ ಏನೂ ಪ್ರಯೋಜನ ಇಲ್ಲ. "ನಿನ್ನೆ ಆರು ಕಟ್ಟು ಬಿಚ್ಚಿ ನೋಡಿದೆ, ಎಲ್ಲ ಗರಿಗರಿಯಾಗಿತ್ತು" ಅಂದೆ. ಅವನು ನಕ್ಕದ್ದು ಅದಕ್ಕೆ.

ಇದೆಲ್ಲ ಎಲ್ಲ ಕಡೆ ನಡೆಯುವುದಿಲ್ಲ. ಅಂಚು ಕತ್ತರಿಸುವ ಒಬ್ಬರು ಅಕ್ಕ ಇದ್ದಾರೆ. ಅವರ ತಟ್ಟೆಯ ಅಂಚು ಒಂದು ತಿಂಗಳಿಂದ ಓರೆಕೋರೆ. ಚೀಟಿ ಬರೆದೆ, ಚಹಾ ಕುಡಿದೆ, ಸುಮ್ಮನೆ ಕೂತೆ, ಎರಡೆರಡು ಸಲ. ಅವರು "ಇನ್ನು ಜಾಗ್ರತೆ ಮಾಡುತ್ತೇನೆ" ಅಂದರು, ಅಂಚು ಮಾತ್ರ ಹಾಗೆಯೇ. ಆಮೇಲೆ ಒಂದು ದಿನ ಬಸ್ಸಿನ ಬೋರ್ಡು ಓದಿ ಹೇಳು ಅಂತ ನನ್ನನ್ನು ಕೇಳಿದರು. ಕಾಸರಗೋಡಿಗೆ ಹೋಗಿ ಕಣ್ಣು ತೋರಿಸಿ ಬಂದರು. ಈಗ ಕನ್ನಡಕ ಹಾಕಿಕೊಂಡು ನನ್ನ ಚೀಟಿಯಲ್ಲೂ ತಪ್ಪು ಹುಡುಕುತ್ತಾರೆ.