ಫೋಟೋ ರಿಟಚಿಂಗ್ ಪುಸ್ತಕ ಕೊಳ್ಳುವ ಮುನ್ನ ನೋಡಬೇಕಾದುದು

ರಿಟಚಿಂಗ್ ಕಲಿಯಲು ಪುಸ್ತಕ ಕೊಳ್ಳಬೇಕೆಂದಿರುವವರು ಪುಸ್ತಕದ ಅಂಗಡಿಗೆ ಹೋಗುವ ಮೊದಲು ತಮ್ಮ ಕಂಪ್ಯೂಟರಿನಲ್ಲಿ ತಿದ್ದಲು ಕಾದು ಕುಳಿತಿರುವ ಫೋಟೋಗಳನ್ನೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಬಾಗಲಕೋಟೆಯ ನವನಗರದಲ್ಲಿ ಸ್ಟುಡಿಯೊ ಇಟ್ಟವರಿಗೆ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಡೆಯಾದ ಮನೆಗಳ ಮತ್ತು ಆ ಮನೆಯ ಕಟ್ಟೆಯ ಮೇಲೆ ಕುಳಿತ ಹಿರಿಯರ ಹಳೆಯ ಪ್ರಿಂಟುಗಳು ಬರಬಹುದು. ಇಳಕಲ್ಲಿನ ಸೀರೆಯನ್ನೋ ಗುಳೇದಗುಡ್ಡದ ಖಣವನ್ನೋ ಆನ್‌ಲೈನಿನಲ್ಲಿ ಮಾರುವವರಿಗೆ ಬಟ್ಟೆಯ ಬಣ್ಣ ಮತ್ತು ನೇಯ್ಗೆ ಕೆಡದಂತೆ ಚಿತ್ರವನ್ನು ಶುಚಿಗೊಳಿಸುವುದು ಮುಖ್ಯ. ವಿಜಯಪುರ, ಬೆಳಗಾವಿಯ ಮದುವೆ ಫೋಟೋಗ್ರಾಫರ್‌ಗಳಿಗೆ ಸೀಜನ್ನಿನಲ್ಲಿ ರಾಶಿ ರಾಶಿ ಮುಖಗಳನ್ನು ಬೇಗ ಮತ್ತು ಒಂದೇ ಹದದಲ್ಲಿ ತಿದ್ದಿ ಆಲ್ಬಮ್ಮಿಗೆ ಕೊಡಬೇಕಾಗುತ್ತದೆ. ಇವು ಮೂರೂ ಬೇರೆ ಬೇರೆ ವಿದ್ಯೆಗಳು. ಮೂರನ್ನೂ ಒಂದೇ ಪುಸ್ತಕ ಚೆನ್ನಾಗಿ ಕಲಿಸುವುದು ಅಪರೂಪ.

ಹಳೆಯ ಫೋಟೋಗಳ ಕೆಲಸಕ್ಕೆ ಕೊಳ್ಳುವ ಪುಸ್ತಕವು ಸ್ಕ್ಯಾನಿಂಗಿನಿಂದಲೇ ಆರಂಭವಾಗಬೇಕು. ಅಂಗೈಯಷ್ಟು ಚಿಕ್ಕ ಪ್ರಿಂಟನ್ನು 600 ಪಿಪಿಐ (ಒಂದು ಇಂಚಿಗೆ ಇಷ್ಟು ಪಿಕ್ಸೆಲ್) ಅಥವಾ ಅದಕ್ಕಿಂತ ಹೆಚ್ಚಿನ ರೆಸಲ್ಯೂಶನ್ನಿನಲ್ಲಿ, 16 ಬಿಟ್‌ನಲ್ಲಿ (ಬಣ್ಣದ ಸೂಕ್ಷ್ಮ ಛಾಯೆಗಳು ಹೆಚ್ಚು ಉಳಿಯುವಂತೆ) ಸ್ಕ್ಯಾನ್ ಮಾಡಿ ಗುಣಮಟ್ಟ ಕೆಡದ ಟಿಫ್ ಫೈಲಾಗಿ ಉಳಿಸಿಕೊಳ್ಳುವುದು ಏಕೆಂದು ಅದು ವಿವರಿಸಬೇಕು. ಹಳದಿಗಟ್ಟಿದ ಪ್ರಿಂಟಿನಲ್ಲಿ ಕೆಂಪು, ಹಸಿರು, ನೀಲಿ ಬಣ್ಣದ ಪದರಗಳಾದ ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ನೋಡಿ ಕಲೆ ಕಡಿಮೆ ಕಾಣುವ ಚಾನೆಲ್ಲಿನಿಂದ ಕಪ್ಪು-ಬಿಳುಪು ಚಿತ್ರವನ್ನು ಮರಳಿ ಕಟ್ಟುವ ವಿಧಾನವೂ, ಕಪ್ಪು ಭಾಗದ ಮೇಲೆ ಬೆಳ್ಳಿ ಮೇಲೆದ್ದು ಕನ್ನಡಿಯಂತೆ ಹೊಳೆಯುವ ದೋಷವನ್ನು ಎದುರಿಸುವ ಬಗೆಯೂ ಅದರಲ್ಲಿರಬೇಕು. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೋವನ್ನು ಕಿತ್ತರೆ ಚಿತ್ರದ ಪದರವೇ ಗಾಜಿನ ಮೇಲೆ ಉಳಿಯುತ್ತದೆ. ಆದ್ದರಿಂದ ಗಾಜಿನ ಸಮೇತವೇ ಸ್ಕ್ಯಾನ್ ಮಾಡಿ ಎಂದು ಎಚ್ಚರಿಸುವ ಲೇಖಕರು ಈ ಕೆಲಸವನ್ನು ಕೈಯಾರೆ ಮಾಡಿದವರೆಂದು ನಂಬಬಹುದು.

ಬಟ್ಟೆಯ ಚಿತ್ರಗಳನ್ನು ತಿದ್ದುವವರು ಪುಸ್ತಕದಲ್ಲಿ ಟೆಕ್ಸ್ಚರ್ (ಮೇಲ್ಮೈಯ ನೇಯ್ಗೆ, ಒರಟುತನ) ಕುರಿತ ಅಧ್ಯಾಯ ಎಷ್ಟು ಆಳವಾಗಿದೆ ಎಂದು ನೋಡಬೇಕು. ಮುಖದ ಚರ್ಮಕ್ಕೆಂದು ಹೇಳಿಕೊಟ್ಟ ಮೃದುಗೊಳಿಸುವ ವಿಧಾನವನ್ನು ಇಳಕಲ್ ಸೀರೆಯ ಸೆರಗಿಗೆ ಹಚ್ಚಿದರೆ ಸೆರಗಿನ ವಿನ್ಯಾಸವಾದ ತೋಪುತೆನಿಯ ಅಂಚುಗಳು ಮಸುಕಾಗುತ್ತವೆ. ಎಳೆಯ ದಿಕ್ಕಿನಲ್ಲೇ ಕ್ಲೋನ್ ಸ್ಟ್ಯಾಂಪ್ (ಚಿತ್ರದ ಒಂದು ಭಾಗವನ್ನು ಇನ್ನೊಂದರ ಮೇಲೆ ನಕಲಿಸುವ ಸಾಧನ) ಬಳಸುವುದನ್ನೂ, ಬಟ್ಟೆಯ ಜೊತೆಗಿಟ್ಟು ಫೋಟೋ ತೆಗೆದ ಬೂದು ಕಾರ್ಡಿನ ನೆರವಿನಿಂದ ಬಣ್ಣವನ್ನು ನಿಜದ ಬಟ್ಟೆಗೆ ಹೊಂದಿಸುವುದನ್ನೂ ಕಲಿಸುವ ಪುಸ್ತಕವೇ ಇವರಿಗೆ ಬೇಕಾದುದು.

ಮುಖಗಳ ರಿಟಚಿಂಗ್ ಪುಸ್ತಕಗಳ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿ ಆರಿಸಬೇಕೆಂಬುದು ನನ್ನ ಅಭಿಪ್ರಾಯ. ಇಂಗ್ಲಿಷಿನಲ್ಲಿ ಬಂದಿರುವ ಅನೇಕ ಪುಸ್ತಕಗಳ ಉದಾಹರಣೆಗಳಲ್ಲಿ ಬಿಳಿ ಚರ್ಮದವರೇ ತುಂಬಿಕೊಂಡಿದ್ದಾರೆ, ಮತ್ತು ಅವುಗಳಲ್ಲಿ ಕೊಟ್ಟ ಬಣ್ಣದ ಅಳತೆಗಳು ಆ ಚರ್ಮಕ್ಕೆ ಸರಿಹೊಂದುವಂಥವು. ನಮ್ಮ ಕಂದು ಮೈಬಣ್ಣದಲ್ಲಿ ಸಯಾನ್ (ಹಸಿರು-ನೀಲಿ) ಮತ್ತು ಹಳದಿಯ ಪಾಲು ಹೆಚ್ಚು. ಬಿಳಿ ಚರ್ಮದ ಅಳತೆಯನ್ನು ಹಾಗೆಯೇ ಇಟ್ಟರೆ ಮುಖ ಗುಲಾಬಿಯಾಗಿಯೋ ಬೂದಿ ಬಳಿದಂತೆಯೋ ಕಾಣುತ್ತದೆ. “ಸ್ವಲ್ಪ ಬೆಳ್ಳಗ ಮಾಡ್ರಿ” ಎನ್ನುವ ಗಿರಾಕಿ ನಮ್ಮ ಕಡೆಯ ಸ್ಟುಡಿಯೊದವರಿಗೆ ಹೊಸಬರಲ್ಲ. ಆದರೆ ಅವರು ಬಯಸುವುದು ಹೆಚ್ಚಿನ ಸಲ ಮುಖದ ಮೇಲೆ ಬೆಳಕು ಚೆನ್ನಾಗಿ ಬಿದ್ದಂತೆ ಕಾಣುವುದನ್ನೇ ಹೊರತು ತಮ್ಮ ಮುಖ ಬೇರೊಬ್ಬರದಾಗುವುದನ್ನಲ್ಲ. ಕಣ್ಣಿನ ಕೆಳಗಿನ ನೆರಳನ್ನು ಡಾಡ್ಜ್ ಮತ್ತು ಬರ್ನ್ (ಬೇಕಾದಲ್ಲಿ ಬೆಳಗಿಸುವ, ಕಪ್ಪಾಗಿಸುವ) ವಿಧಾನದಿಂದ ತಿಳಿಗೊಳಿಸುತ್ತ, ಮೈಬಣ್ಣವನ್ನು ಹಾಗೆಯೇ ಉಳಿಸುವ ಪಾಠವಿದ್ದರೆ ಆ ಪುಸ್ತಕಕ್ಕೆ ಹೆಚ್ಚು ಬೆಲೆ ಕೊಡಬಹುದು. ಪುಟ ತಿರುವುವಾಗ ಕಂದು ಮತ್ತು ಕಪ್ಪು ಮೈಬಣ್ಣದ ಮುಖಗಳು ಎಷ್ಟಿವೆ ಎಂದು ಎಣಿಸಿ ನೋಡಿ. ಒಂದೂ ಸಿಗದಿದ್ದರೆ ಆ ಪುಸ್ತಕವನ್ನು ಮರಳಿ ಕಪಾಟಿನಲ್ಲಿಡಿ.

ಆಮೇಲಿನ ಪ್ರಶ್ನೆ ಸಾಫ್ಟ್‌ವೇರಿನ ಆವೃತ್ತಿಯದು. ಹೊಸ ಪುಸ್ತಕವೇ ಬೇಕೆಂಬ ಹಟ ಎಲ್ಲ ಕಡೆಯೂ ಸಲ್ಲದು, ಏಕೆಂದರೆ ಫೋಟೋಶಾಪಿನ ಮುಖ್ಯ ತಂತ್ರಗಳಿಗೆ ಸಾಕಷ್ಟು ವಯಸ್ಸಾಗಿದೆ. ಲೇಯರ್‌ಗಳು (ಒಂದರ ಮೇಲೊಂದು ಇಡುವ ಚಿತ್ರಪದರಗಳು) 1994ರಲ್ಲಿ, ಅಡ್ಜಸ್ಟ್‌ಮೆಂಟ್ ಲೇಯರ್‌ಗಳು (ಮೂಲ ಚಿತ್ರವನ್ನು ಮುಟ್ಟದೆ ಬಣ್ಣ-ಬೆಳಕು ಬದಲಿಸುವ ಪದರಗಳು) 1996ರಲ್ಲಿ, ಕಲೆ ಅಳಿಸುವ ಹೀಲಿಂಗ್ ಬ್ರಶ್ 2002ರಲ್ಲಿ ಬಂದವು. ಸುತ್ತಲಿನ ಚಿತ್ರ ನೋಡಿ ಜಾಗ ತುಂಬುವ ಕಂಟೆಂಟ್-ಅವೇರ್ ಫಿಲ್ 2010ರಲ್ಲಿ ಸೇರಿತು. ಆದ್ದರಿಂದ 2010ರ ನಂತರದ ಒಂದು ಒಳ್ಳೆಯ ಪುಸ್ತಕದಲ್ಲಿ ಕರ್ವ್ಸ್ (ಬೆಳಕು-ನೆರಳು ಹೊಂದಿಸುವುದು), ಮಾಸ್ಕ್ (ಒಂದು ಭಾಗವನ್ನು ಮರೆಮಾಡುವುದು), ಹೀಲಿಂಗ್, ಡಾಡ್ಜ್-ಬರ್ನ್ ಕುರಿತು ಹೇಳಿದ್ದು ಬಹುಮಟ್ಟಿಗೆ ಇಂದಿಗೂ ನಡೆಯುತ್ತದೆ. ಮೆನುವಿನಲ್ಲಿ ಆ ಹೆಸರು ಎಲ್ಲಿದೆ ಎಂಬುದನ್ನು ಮಾತ್ರ ಹುಡುಕಿಕೊಳ್ಳಬೇಕಾದೀತು. 2023ರಲ್ಲಿ ಬಂದ, ಎಐ ಬಳಸಿ ಇಲ್ಲದ್ದನ್ನು ಸೃಷ್ಟಿಸುವ ಜನರೇಟಿವ್ ಫಿಲ್‌ನಂತಹ ಸೌಲಭ್ಯಗಳಿಗೆ ಮಾತ್ರ ಈಚಿನ ಪುಸ್ತಕವೇ ಬೇಕು, ಮತ್ತು ಅವು ಎಷ್ಟು ಬೇಗ ಬದಲಾಗುತ್ತಿವೆ ಎಂದರೆ ಅವುಗಳಿಗಾಗಿಯೇ ದೊಡ್ಡ ಮೊತ್ತ ಕೊಡುವುದು ನನಗೆ ಸರಿಯೆನಿಸುವುದಿಲ್ಲ. ಇನ್ನೂ ಒಂದು ಮಾತನ್ನು ಇಲ್ಲಿ ಹೇಳಲೇಬೇಕು: ಹರಿದುಹೋದ ಅಜ್ಜಿಯ ಫೋಟೋದಲ್ಲಿ ಇಲ್ಲದ ಕಣ್ಣನ್ನು ಇಂತಹ ಸಾಧನ ತಾನೇ ಕಲ್ಪಿಸಿ ಕೊಡುತ್ತದೆ, ಆದರೆ ಅದು ಆ ಅಜ್ಜಿಯ ಕಣ್ಣಲ್ಲ. ಈ ಮಿತಿಯನ್ನು ಸ್ಪಷ್ಟವಾಗಿ ಹೇಳಿ, ಅದೇ ವ್ಯಕ್ತಿಯ ಇನ್ನೊಂದು ಫೋಟೋದಿಂದ ಕಣ್ಣನ್ನು ತಂದು ಕೂರಿಸುವುದನ್ನು ಕಲಿಸುವ ಲೇಖಕರನ್ನೇ ಆರಿಸಿ. ಹಣ ಕೊಟ್ಟು ಫೋಟೋಶಾಪ್ ತೆಗೆದುಕೊಳ್ಳಲಾಗದೆ ಉಚಿತವಾದ ಗಿಂಪ್ ಬಳಸುವವರು ಗಿಂಪ್‌ನ ಪುಸ್ತಕವನ್ನೇ ಕೊಳ್ಳುವುದು ಲೇಸು, ಅದರ 3.0 ಆವೃತ್ತಿ 2025ರಲ್ಲಿ ಬಂದಿದ್ದು, ಫಿಲ್ಟರ್‌ಗಳನ್ನು ಹಾಕಿದ ಮೇಲೂ ಬದಲಿಸಿಕೊಳ್ಳುವ ಅನುಕೂಲ ಅದರಲ್ಲಿದೆ, ಹಿಂದಿನ ಆವೃತ್ತಿಗಳ ಪುಸ್ತಕಗಳಲ್ಲಿ ಅದರ ಪಾಠ ಸಿಗುವುದಿಲ್ಲ.

ಪುಸ್ತಕ ಕೈಗೆ ಸಿಕ್ಕಾಗ ಮುನ್ನುಡಿ ಓದುವುದಕ್ಕಿಂತ ನಡುವಿನ ಒಂದು ಅಭ್ಯಾಸವನ್ನು ಮೊದಲಿನಿಂದ ಕೊನೆಯವರೆಗೆ ಓದಿ. “ರೇಡಿಯಸ್ 8 ಇಡಿ, ಓಕೆ ಒತ್ತಿ” ಎಂದು ಹೇಳಿ ಮುಂದಕ್ಕೆ ಹೋಗುವ ಪುಸ್ತಕ ಹೆಚ್ಚು ದಿನ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ರೇಡಿಯಸ್ ಎನ್ನುವುದು ಪರಿಣಾಮ ಎಷ್ಟು ಪಿಕ್ಸೆಲ್ ದೂರ ಹರಡಬೇಕೆಂಬ ಅಳತೆ, 6 ಮೆಗಾಪಿಕ್ಸೆಲ್ ಚಿತ್ರದಲ್ಲಿ 8 ಪಿಕ್ಸೆಲ್ ಮಾಡುವ ಪರಿಣಾಮವನ್ನು 24 ಮೆಗಾಪಿಕ್ಸೆಲ್ ಚಿತ್ರದಲ್ಲಿ ಪಡೆಯಲು ಸುಮಾರು 16 ಬೇಕಾಗುತ್ತದೆ. ಮೊಡವೆಯ ಗಾತ್ರವನ್ನೋ ನೇಯ್ಗೆಯ ಎಳೆಯನ್ನೋ ನೋಡಿ ಸಂಖ್ಯೆಯನ್ನು ನಿರ್ಧರಿಸಲು ಕಲಿಸುವ ಪುಸ್ತಕವನ್ನೇ ಹುಡುಕಬೇಕು. ಹಾಗೆಯೇ, ಮೂಲ ಚಿತ್ರವನ್ನು ಮುಟ್ಟದೆ ಅದರ ಮೇಲೆ ಖಾಲಿ ಲೇಯರ್ ಇಟ್ಟು ಹೀಲಿಂಗ್ ಮಾಡುವುದನ್ನು ಮೊದಲ ಅಧ್ಯಾಯಗಳಲ್ಲೇ ರೂಢಿ ಮಾಡಿಸಿದ್ದಾರೆಯೇ ಎಂದು ಗಮನಿಸಿ. ತಪ್ಪಿದ್ದನ್ನು ತಿದ್ದಲು ದಾರಿ ಉಳಿಯುವುದು ಇದರಿಂದಲೇ.

ಮುದ್ರಣದ ಗುಣಮಟ್ಟಕ್ಕೆ ಈ ಬಗೆಯ ಪುಸ್ತಕದಲ್ಲಿ ಬೇರೆ ಯಾವ ಪುಸ್ತಕಕ್ಕಿಂತಲೂ ಹೆಚ್ಚಿನ ಮಹತ್ವವಿದೆ. ಕೆಲವು ಪುಸ್ತಕಗಳ ಕಡಿಮೆ ಬೆಲೆಯ ಭಾರತೀಯ ಆವೃತ್ತಿಗಳು ಕಪ್ಪು-ಬಿಳುಪಿನಲ್ಲಿ ಅಚ್ಚಾಗಿರುತ್ತವೆ. ಬಣ್ಣ ಸರಿಪಡಿಸುವ ಪಾಠವನ್ನು ಬೂದು ಚಿತ್ರದ ಮೇಲೆ ಓದಿ ಏನೂ ಪ್ರಯೋಜನವಿಲ್ಲ. ಆನ್‌ಲೈನಿನಲ್ಲಿ ಕೊಳ್ಳುವಾಗ ಪುಸ್ತಕದ ಗುರುತಿನ ಅಂಕಿಯಾದ ಐಎಸ್‌ಬಿಎನ್ ಸಂಖ್ಯೆಯನ್ನು ನೋಡಿದರೆ ಒಂದಿಷ್ಟು ಸುಳಿವು ಸಿಗುತ್ತದೆ: 97881 ಅಥವಾ 97893ರಿಂದ ಆರಂಭವಾದರೆ ಅದು ಭಾರತದ ಪ್ರಕಾಶನದ ಆವೃತ್ತಿ. ಅಂತಹ ಆವೃತ್ತಿಗಳೆಲ್ಲ ಕೆಟ್ಟವೆಂದಲ್ಲ, ಆದರೆ ಒಳಪುಟಗಳು ಬಣ್ಣದಲ್ಲಿವೆಯೇ ಎಂದು ಮಾರುವವರನ್ನು ಕೇಳಿಯೇ ಹಣ ಕೊಡಬೇಕು. ಹತ್ತೇ ಅಂಕಿಯ ಐಎಸ್‌ಬಿಎನ್ ಮಾತ್ರ ಇದ್ದರೆ ಆ ಪುಸ್ತಕ 2007ಕ್ಕಿಂತ ಹಿಂದಿನದೆಂದು ತಿಳಿಯಬಹುದು. ಕಳ್ಳ ಅಚ್ಚಿನ ಪ್ರತಿಗಳಿಂದ ದೂರವಿರುವುದಕ್ಕೆ ಲೇಖಕರ ಹಕ್ಕು ಒಂದು ಕಾರಣವಾದರೆ, ಅವುಗಳಲ್ಲಿ ತಿದ್ದುವ ಮೊದಲಿನ ಮತ್ತು ನಂತರದ ಚಿತ್ರಗಳ ನಡುವಿನ ಸೂಕ್ಷ್ಮ ವ್ಯತ್ಯಾಸವೇ ಅಳಿಸಿಹೋಗಿರುವುದು ಇನ್ನೊಂದು.

ಬೆಳಗಾವಿಯಲ್ಲಾಗಲಿ ವಿಜಯಪುರದಲ್ಲಾಗಲಿ ಪುಸ್ತಕದ ಅಂಗಡಿಗಳು ಹೆಚ್ಚಾಗಿ ಪಠ್ಯಪುಸ್ತಕ ಮತ್ತು ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳನ್ನೇ ನೆಚ್ಚಿಕೊಂಡಿವೆ; ರಿಟಚಿಂಗಿನ ಪುಸ್ತಕ ಕಪಾಟಿನಲ್ಲಿ ಸಿಗುತ್ತದೆಂದು ನಂಬಿ ಹೋಗಬೇಡಿ. ಐಎಸ್‌ಬಿಎನ್ ಬರೆದು ಕೊಟ್ಟರೆ ತರಿಸಿಕೊಡುವ ಅಂಗಡಿಯವರಿದ್ದರೆ ಅವರ ಮೂಲಕವೇ ಕೊಳ್ಳಿ, ಏಕೆಂದರೆ ಹಾಳೆ ಬಿಟ್ಟುಹೋದ ಪ್ರತಿಯನ್ನು ಬದಲಿಸಿಕೊಡುವ ಹೊಣೆ ಎದುರಿಗಿರುವ ಮನುಷ್ಯನ ಮೇಲಿರುತ್ತದೆ. ಬೇರೆ ಕೆಲಸಕ್ಕೆಂದು ಪುಣೆಗೆ ಹೋಗುವವರು ಅಪ್ಪಾ ಬಳವಂತ ಚೌಕಿನಲ್ಲಿ, ಬೆಂಗಳೂರಿಗೆ ಹೋಗುವವರು ಚರ್ಚ್ ಸ್ಟ್ರೀಟಿನ ಅಂಗಡಿಗಳಲ್ಲಿ ಒಂದು ಗಂಟೆ ಕಳೆದರೆ ನಷ್ಟವಿಲ್ಲ. ಬೆಳಕು, ಬಣ್ಣ, ಟೋನ್ (ಬೆಳಕು-ನೆರಳಿನ ಹದ) ಕುರಿತ ಮೂಲಪಾಠಗಳಿಗೆ ಚರ್ಚ್ ಸ್ಟ್ರೀಟಿನಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಪ್ರತಿಯೇ ಸಾಕು. ಆದರೆ ಹಳೆಯ ಪ್ರತಿಯ ಹಿಂಬದಿಯ ಲಕೋಟೆಯಲ್ಲಿ ಅಭ್ಯಾಸದ ಚಿತ್ರಗಳ ಸಿಡಿ ಇದೆಯೇ ಎಂದು ನೋಡಿ. ಇದ್ದರೂ ಇಂದಿನ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಅದನ್ನು ಹಾಕಲು ಡ್ರೈವ್ ಇಲ್ಲ. ಹೊಸ ಪುಸ್ತಕಗಳ ಅಭ್ಯಾಸದ ಚಿತ್ರಗಳು ಪ್ರಕಾಶಕರ ಜಾಲತಾಣದಲ್ಲಿರುತ್ತವೆ, ಆ ಕೊಂಡಿ ಇನ್ನೂ ತೆರೆಯುತ್ತದೆಯೇ ಎಂಬುದನ್ನು ಅಂಗಡಿಯಲ್ಲಿ ನಿಂತೇ ಮೊಬೈಲಿನಲ್ಲಿ ಪರೀಕ್ಷಿಸಬಹುದು.

ಇ-ಪುಸ್ತಕ ಕೊಳ್ಳುವವರು ಕಪ್ಪು-ಬಿಳುಪು ಪರದೆಯ ರೀಡರನ್ನು ನೆಚ್ಚಿಕೊಳ್ಳದೆ ಕಂಪ್ಯೂಟರಿನ ಅಥವಾ ಟ್ಯಾಬ್ಲೆಟ್ಟಿನ ಬಣ್ಣದ ಪರದೆಯಲ್ಲಿ ಓದಬೇಕು. ಚಿತ್ರವನ್ನು ಹಿಗ್ಗಿಸಿ ನೋಡಲು ಬರುತ್ತದೆಯೇ ಎಂದು ಉಚಿತ ಮಾದರಿ ಪುಟಗಳಲ್ಲೇ ತಿಳಿದುಕೊಳ್ಳಿ.

ಇಂಗ್ಲಿಷ್ ಕಷ್ಟವೆನ್ನುವವರಿಗೆ ಫೋಟೋಶಾಪನ್ನು ಡಿಟಿಪಿಯ ಭಾಗವಾಗಿ ಹೇಳಿಕೊಡುವ ಕನ್ನಡದ ಪುಸ್ತಕ ಸಿಕ್ಕರೆ ಮೆನು ಮತ್ತು ಸಾಧನಗಳ ಪರಿಚಯಕ್ಕೆ ಅದು ನೆರವಾಗುತ್ತದೆ. ಅದರ ನಂತರ ಚಿತ್ರಗಳು ಹೆಚ್ಚು, ವಾಕ್ಯಗಳು ಚಿಕ್ಕವು ಆಗಿರುವ ಇಂಗ್ಲಿಷ್ ಪುಸ್ತಕವನ್ನು ತೆಗೆದುಕೊಂಡರೆ ಹೆಜ್ಜೆ ತಪ್ಪುವುದಿಲ್ಲ. ಒಮ್ಮೆಗೆ ಒಂದೇ ಪುಸ್ತಕ ಕೊಳ್ಳಿ, ಮತ್ತು ಮೊದಲನೆಯದು ಬಣ್ಣ ಹಾಗೂ ಟೋನ್ ಕುರಿತದ್ದಾಗಿರಲಿ, ಏಕೆಂದರೆ ಬೆಳಕು ಸರಿಯಾದ ಮೇಲೆ ತಿದ್ದಲೇಬೇಕೆನಿಸಿದ್ದ ಕಲೆಗಳಲ್ಲಿ ಕೆಲವು ಕಣ್ಣಿಗೇ ಬೀಳುವುದಿಲ್ಲ. ಅದರ ಅಭ್ಯಾಸಗಳನ್ನು ಪುಸ್ತಕದ ಚಿತ್ರಗಳ ಮೇಲೆ ಒಮ್ಮೆ, ನಿಮ್ಮದೇ ಗಿರಾಕಿಯ ಚಿತ್ರದ ನಕಲಿನ ಮೇಲೆ ಇನ್ನೊಮ್ಮೆ ಮಾಡಿ, ಎಲ್ಲಿ ಕೈ ನಿಂತಿತು ಎಂಬುದನ್ನು ಗುರುತು ಹಾಕಿಕೊಳ್ಳಿ. ಎರಡನೆಯ ಪುಸ್ತಕವನ್ನು ಆ ಗುರುತುಗಳನ್ನು ನೋಡಿಯೇ ಆರಿಸಿ.